ಭಾನುವಾರದ ಕೋಳಿ ಎಲುಬಿನಿಂದ ರಸ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡದಲ್ಲಿ ಭಾನುವಾರ ಮುಂಜಾನೆ ಚಿಕನ್ ಅಂಗಡಿ ಮುಂದೆ ಪಾಳಿ ಹಚ್ಚುವ ಮನೆಗಳೆಲ್ಲ ಅದೇ ರಾತ್ರಿ ಎಲುಬನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕುತ್ತವೆ. ಕೊಟ್ಟ ರೊಕ್ಕದಲ್ಲಿ ಒಂದು ಪಾಲು ಆ ಎಲುಬಿಗೂ ಹೋಗಿರುತ್ತದೆ, ರುಚಿಯೂ ಅದರಲ್ಲೇ ಉಳಿದಿರುತ್ತದೆ. ಅದನ್ನು ಕುದಿಸಿ ರಸ ತೆಗೆಯುವುದು ಕಷ್ಟದ ಕೆಲಸವಲ್ಲ. ಆದರೆ ನಮ್ಮ ಕಡೆಯ ಅಡುಗೆಮನೆಗೆ, ನಮ್ಮ ವಾರ-ವ್ರತಕ್ಕೆ, ನಮ್ಮ ನೀರು-ಕರೆಂಟಿಗೆ ಹೊಂದಿಸಿಕೊಂಡು ಹೇಗೆ ಮಾಡುವುದು ಎಂದು ಓಣಿಯವರು, ಬೀಗರು ಮತ್ತೆ ಮತ್ತೆ ಕೇಳುತ್ತಾರೆ. ಅವರಿಗೆ ಹೇಳುತ್ತ ಬಂದದ್ದನ್ನೇ ಇಲ್ಲಿ ಬರೆದಿದ್ದೇನೆ.

ಉಂಡು ಉಳಿದ ಎಲುಬು ಅಂದ್ರ ಎಂಜಲ ಆತಲ್ರೀ? ಅದನ್ನ ಹೆಂಗ ಕುದಿಸೋದು?

ತಾಟಿನಲ್ಲಿ ಚೀಪಿ ಬಿಟ್ಟ ಎಲುಬು ಬೇಡವೇ ಬೇಡ. ಗಂಟೆಗಟ್ಟಲೆ ಕುದಿಸಿದರೆ ರೋಗಾಣು ಸಾಯುತ್ತವೆ ಎನ್ನುವುದು ನಿಜ. ಹಾಗಂತ ಮನಸ್ಸು ಹೇಸುವ ಊಟವನ್ನು ಯಾರಿಗೂ ಬಡಿಸಬಾರದು.

ದಾರಿ ಸರಳವಿದೆ. ಎಲುಬನ್ನು ಊಟ ಆದ ಮೇಲೆ ಅಲ್ಲ, ಬಡಿಸುವ ಮೊದಲೇ ತೆಗೆದಿಡಿ. ಇಡೀ ಕೋಳಿ ತಂದರೆ ಬೆನ್ನಿನ ಭಾಗ, ಕುತ್ತಿಗೆ, ರೆಕ್ಕೆಯ ತುದಿ, ಎದೆಗೂಡು ಇವುಗಳಲ್ಲಿ ತಿನ್ನುವಷ್ಟು ಕಂಡ (ಮಾಂಸ) ಇರುವುದಿಲ್ಲ. ಮಕ್ಕಳು ಇವನ್ನೇ ತಾಟಿನ ಬದಿಗೆ ಸರಿಸುವುದು. ಒಗ್ಗರಣೆಗೆ ಹಾಕುವ ಮೊದಲೇ ಇಷ್ಟನ್ನು ಬೇರೆ ಮಾಡಿ ಡಬ್ಬಿಯಲ್ಲಿಟ್ಟರೆ ಪಲ್ಯಕ್ಕೂ ಬರೀ ಒಳ್ಳೆಯ ತುಂಡು ಉಳಿಯುತ್ತವೆ. ಗ್ರಿಲ್ ಚಿಕನ್ ಅಥವಾ ಬರೀ ಉಪ್ಪು-ಅರಿಶಿಣದಲ್ಲಿ ಬೇಯಿಸಿದ ಕೋಳಿ ಇದ್ದರೆ ಅಡುಗೆಮನೆಯಲ್ಲೇ ಕಂಡ ಬಿಡಿಸಿ ಬಡಿಸಿ, ಗೂಡು ನಿಮ್ಮ ಹತ್ತಿರವೇ ಉಳಿಯುತ್ತದೆ. ಅದಕ್ಕೆ ಯಾರ ಬಾಯಿಯೂ ತಾಗಿರುವುದಿಲ್ಲ.

ಸೋಮವಾರ ನಮ್ಮ ಮನ್ಯಾಗ ಮುಟ್ಟಂಗಿಲ್ಲ. ಭಾನುವಾರದ ಎಲುಬು ಏನ್ ಮಾಡೋದು?

ಈ ಭಾಗದಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ ಇದೇ. ಭಾನುವಾರ ಕೋಳಿ, ಸೋಮವಾರ ಶಿವನ ವಾರ, ಕೆಲವರಿಗೆ ಗುರುವಾರ ಶನಿವಾರವೂ ಇಲ್ಲ. ಭಾನುವಾರ ಸಂಜೆಯೇ ಎಲುಬನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಫ್ರೀಜರಿಗೆ ಹಾಕಿ. ಮಂಗಳವಾರ ಅಥವಾ ಬುಧವಾರ ತೆಗೆದು, ಕರಗಿಸದೆ ಹಾಗೇ ತಣ್ಣೀರಿಗೆ ಹಾಕಿ ಒಲೆಗಿಡಬಹುದು. ಎರಡು-ಮೂರು ವಾರದ ಎಲುಬು ಕೂಡಿಸಿ ಒಮ್ಮೆಲೇ ಕುದಿಸಿದರೆ ಗ್ಯಾಸೂ ಉಳಿಯುತ್ತದೆ, ರಸವೂ ದಪ್ಪ ಬರುತ್ತದೆ. ಫ್ರೀಜರಿನಲ್ಲಿ ಎರಡು-ಮೂರು ತಿಂಗಳು ಎಲುಬು ಚೆನ್ನಾಗಿರುತ್ತವೆ.

ಬೇಯಿಸಿದ ಎಲುಬನ್ನು ಹೊರಗೆ ಎರಡು ತಾಸಿಗಿಂತ ಹೆಚ್ಚು ಬಿಡಬೇಡಿ, ಬ್ಯಾಸಗಿಯಲ್ಲಿ ಒಂದೇ ತಾಸು. ಮನೆಯಲ್ಲಿ ಹಿರಿಯರು ಮಾಂಸ ಮುಟ್ಟದವರಿದ್ದರೆ ಆ ಡಬ್ಬಿ, ಆ ಬೋಗಾಣಿ, ಆ ಜರಡಿ ಮೂರನ್ನೂ ಬೇರೆಯೇ ಇಟ್ಟುಬಿಡಿ. ರಸಕ್ಕಿಂತ ಅವರ ನೆಮ್ಮದಿ ದೊಡ್ಡದು. ಶ್ರಾವಣ ಹಿಡಿಯುವ ಮನೆಗಳು ನಾಗರ ಅಮಾವಾಸ್ಯೆಗೆ ಮುಂಚೆ ಫ್ರೀಜರ್ ಖಾಲಿ ಮಾಡಿಕೊಳ್ಳುವ ಹಾಗೆ ಲೆಕ್ಕ ಹಾಕಿ ಕುದಿಸಬೇಕು.

ಅಂಗಡಿಯಲ್ಲಿ ಬೇರೆ ಏನಾದರೂ ಕೇಳಿ ತರಬೇಕೆ?

ಕಾಲು. ಕೋಳಿಯ ಪಾದ. ಬಹಳ ಅಂಗಡಿಗಳಲ್ಲಿ ಅದನ್ನು ಕತ್ತರಿಸಿ ಬುಟ್ಟಿಗೆ ಒಗೆಯುತ್ತಾರೆ, ಕೇಳಿದರೆ ಕಡಿಮೆ ದರಕ್ಕೆ ಕೊಡುತ್ತಾರೆ, ಪರಿಚಯವಿದ್ದರೆ ಸುಮ್ಮನೆಯೂ ಹಾಕಿಕೊಡುತ್ತಾರೆ. ಪಾದದಲ್ಲಿ ಕಂಡ ಇಲ್ಲ, ಬರೀ ಚರ್ಮ, ನರ, ಕೀಲು. ಅಷ್ಟೂ ಕೊಲಾಜನ್, ಅಂದರೆ ಚರ್ಮ-ಕೀಲುಗಳನ್ನು ಹಿಡಿದಿಡುವ ಪ್ರೋಟೀನು. ರಸ ಗಟ್ಟಿಯಾಗುವುದು ಇದರಿಂದಲೇ. ಒಂದು ಕಿಲೋ ಎಲುಬಿಗೆ ನಾಲ್ಕು ಪಾದ ಸಾಕು.

ಹಸನು ಮಾಡುವುದು ಹೀಗೆ: ಕುದಿಯುವ ನೀರಿಗೆ ಪಾದಗಳನ್ನು ಅರ್ಧ ನಿಮಿಷ ಹಾಕಿ ತೆಗೆದು ತಣ್ಣೀರಿಗೆ ಬಿಡಿ. ಹಳದಿ ಹೊರಪೊರೆ ಅಂಚಿನಲ್ಲಿ ಸುಕ್ಕಾಗಿ ಎದ್ದಿರುತ್ತದೆ. ಮೊಣಕಾಲಿನ ಕಡೆಯಿಂದ ಹಿಡಿದು ಎಳೆದರೆ ಬೆರಳಿನ ತುದಿಯವರೆಗೆ ಸುಲಿದು ಬರುತ್ತದೆ, ಒಳಗೆ ಬೆಳ್ಳಗೆ ನುಣ್ಣಗಿನ ಚರ್ಮ ಕಾಣುತ್ತದೆ. ಹೆಚ್ಚು ಹೊತ್ತು ನೀರಲ್ಲಿ ಬಿಟ್ಟರೆ ಪೊರೆ ಬೆಂದು ಅಂಟಿಕೊಂಡು ಬಿಡಿಸಲು ಬರುವುದಿಲ್ಲ. ಉಗುರನ್ನು ಮೊದಲ ಗೆಣ್ಣಿನ ಹತ್ತಿರ ಕತ್ತರಿಸಿ ಎಸೆಯಿರಿ. ಅಂಗಾಲಿನಲ್ಲಿ ಕಪ್ಪು ಗಾಯ ಇದ್ದರೆ ಅದನ್ನೂ ಚಾಕುವಿನಿಂದ ತೆಗೆಯಿರಿ.

ಹಸಿ ಎಲುಬನ್ನು ನಳದ ಕೆಳಗೆ ಜೋರಾಗಿ ತೊಳೆಯಬೇಡಿ. ಹನಿ ಸಿಡಿದು ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಪಕ್ಕದ ತಾಟು, ಕಾಯಿಪಲ್ಯೆಗೆಲ್ಲ ಹರಡುತ್ತವೆ. ತೊಳೆಯಲೇಬೇಕು ಅನಿಸಿದರೆ ಬೋಗಾಣಿಯಲ್ಲಿ ನೀರು ತುಂಬಿ ಮೆಲ್ಲಗೆ ಅದ್ದಿ ತೆಗೆಯಿರಿ, ಆಮೇಲೆ ಸಿಂಕನ್ನು ಸಾಬೂನು ಹಾಕಿ ತಿಕ್ಕಿ.

ಸಾವಜಿ ಚಿಕನ್ ಮಾಡಿದ ಮೇಲೆ ಉಳಿದ ಮಸಾಲೆ ತುಂಡುಗಳಿಂದ ಆಗುತ್ತದೆಯೇ?

ಆಗುತ್ತದೆ, ಆದರೆ ಅದು ತಿಳಿ ರಸ ಆಗುವುದಿಲ್ಲ. ಖಾರ, ಒಣಕೊಬ್ಬರಿ, ಎಣ್ಣೆ ಎಲುಬಿನ ಸಂದಿಗೆಲ್ಲ ಹೊಕ್ಕಿರುತ್ತವೆ. ಬಿಸಿನೀರಲ್ಲಿ ಒಮ್ಮೆ ಜಾಲಾಡಿ, ಕುಕ್ಕರಿನಲ್ಲಿ ಅರ್ಧ ತಾಸು ಬೇಯಿಸಿ ಸೋಸಿ, ಅವತ್ತೇ ಸಾರಿಗೆ ಬಳಸಿಬಿಡಿ. ಸಂಗ್ರಹಿಸಿ ಇಡುವ ರಸಕ್ಕೆ ಮಸಾಲೆ ಸೇರದ ಎಲುಬೇ ಬೇಕು. ಹುಬ್ಬಳ್ಳಿ, ಗದಗ-ಬೆಟಗೇರಿಯ ಸಾವಜಿ ಖಾನಾವಳಿಯಿಂದ ಪಾರ್ಸೆಲ್ ತಂದದ್ದಕ್ಕೂ ಇದೇ ಮಾತು. ಜೊತೆಗೆ, ಹೊರಗಿನದು ಎಷ್ಟು ಹೊತ್ತು ಹೊರಗೇ ಇತ್ತು ಎಂದು ಗೊತ್ತಿಲ್ಲದಿದ್ದರೆ ಅದರ ಎಲುಬಿನ ಆಸೆ ಬಿಡುವುದು ಒಳ್ಳೆಯದು.

ಅಳತೆ ಮತ್ತು ಕ್ರಮ ಹೇಳಿ.

ಒಂದು ಕಿಲೋ ಎಲುಬು, ನಾಲ್ಕು ಪಾದ, ಎರಡರಿಂದ ಎರಡೂವರೆ ಲೀಟರ್ ತಣ್ಣೀರು. ಅಳತೆ ಮಾಡದಿದ್ದರೂ ನಡೆಯುತ್ತದೆ. ಎಲುಬು ಮುಳುಗಿ ಮೇಲೆ ಎರಡು ಬೆರಳು ನೀರು ನಿಲ್ಲಬೇಕು, ಅದಕ್ಕಿಂತ ಹೆಚ್ಚು ಬೇಡ. ನೀರು ಹೆಚ್ಚಾದರೆ ಎಷ್ಟು ಕುದಿಸಿದರೂ ತೆಳ್ಳಗೇ ಇರುತ್ತದೆ.

ಹಸಿ ಎಲುಬಾದರೆ ಬೆನ್ನೆಲುಬಿಗೆ ಅಂಟಿದ ಕಡುಗೆಂಪು ಗಡ್ಡೆಯಂಥ ಭಾಗವನ್ನು ಬೆರಳಿನಿಂದ ಕೆರೆದು ತೆಗೆಯಿರಿ. ಅದು ಕೋಳಿಯ ಮೂತ್ರಪಿಂಡ, ಕಹಿ ಮತ್ತು ಕಮಟು ವಾಸನೆ ಅದರಿಂದಲೇ ಬರುವುದು. ತಣ್ಣೀರಿನಿಂದ ಶುರುಮಾಡಿ, ನಡು ಉರಿಯಲ್ಲಿ ಮೆಲ್ಲಗೆ ಕಾಯಲು ಬಿಡಿ. ಕುದಿ ಹತ್ತುವ ಮೊದಲು ಬೂದು ಬಣ್ಣದ ನೊರೆ ಏಳುತ್ತದೆ. ಹತ್ತು-ಹದಿನೈದು ನಿಮಿಷ ಒಲೆ ಮುಂದೆ ನಿಂತು ಅದನ್ನು ಸವಟಿನಿಂದ ತೆಗೆಯುತ್ತ ಇರಬೇಕು. ಆಮೇಲೆ ಏಳುವ ನೊರೆ ಬೆಳ್ಳಗಿರುತ್ತದೆ, ಅದನ್ನು ಬಿಟ್ಟರೂ ಅಡ್ಡಿಯಿಲ್ಲ. ಗ್ರಿಲ್ ಮಾಡಿದ, ಬೇಯಿಸಿದ ಎಲುಬಿಗೆ ಈ ಕೆಲಸ ಬಹುತೇಕ ಇಲ್ಲ.

ಮುಂದೆ ಉರಿ ಸಣ್ಣದು ಮಾಡಿ. ನೀರಿನ ಮೇಲೆ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತಿರಬೇಕು, ಕೊತಕೊತ ಕುದಿಯಬಾರದು. ಜೋರಾಗಿ ಕುದ್ದರೆ ಜಿಡ್ಡು ಒಡೆದು ನೀರಲ್ಲಿ ಬೆರೆತು ರಸ ರಾಡಿಯಾಗುತ್ತದೆ. ಕೀಲು, ಚರ್ಮದ ಕೊಲಾಜನ್ ಮೆಲ್ಲಗೆ ಜೆಲಟಿನ್ ಎಂಬ ಅಂಟಾಗಿ ನೀರಿಗಿಳಿಯಲು ಶಾಖಕ್ಕಿಂತ ಹೊತ್ತು ಮುಖ್ಯ. ಕೋಳಿಗೆ ನಾಲ್ಕರಿಂದ ಆರು ತಾಸು ಧಾರಾಳ. ಕುರಿ-ಆಡಿನ ಕಾಲಿನ ಹಾಗೆ ರಾತ್ರಿಯಿಡೀ ಕುದಿಸಬೇಕಿಲ್ಲ.

ಉಪ್ಪು ಈಗ ಹಾಕಬೇಡಿ. ನೀರು ಇಂಗುತ್ತ ಹೋದ ಹಾಗೆ ಉಪ್ಪು ಏರುತ್ತದೆ. ಕುಡಿಯುವಾಗ ಲೋಟಕ್ಕೆ ಹಾಕಿಕೊಂಡರಾಯಿತು.

ಇಷ್ಟು ತಾಸು ಗ್ಯಾಸು ಉರಿಸೋಕೆ ಆಗಲ್ಲ. ಕುಕ್ಕರ್ ನಡೀತದಾ?

ನಡೆಯುತ್ತದೆ, ಮತ್ತು ಸಿಲಿಂಡರ್ ಲೆಕ್ಕ ಹಿಡಿಯುವ ಮನೆಗೆ ನಾನು ಹೇಳುವುದು ಕುಕ್ಕರನ್ನೇ. ಒಳಗಿನ ಉಷ್ಣತೆ 120 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗುವುದರಿಂದ ಐದು ತಾಸಿನ ಕೆಲಸ ಒಂದು ತಾಸಿಗೆ ಮುಗಿಯುತ್ತದೆ. ಮುಚ್ಚಳ ಹಾಕುವ ಮೊದಲೇ ನೊರೆ ತೆಗೆದುಬಿಡಿ. ನೀರು, ಎಲುಬು ಸೇರಿ ಕುಕ್ಕರಿನ ಮೂರರಲ್ಲಿ ಎರಡು ಪಾಲು ದಾಟಬಾರದು. ಮೊದಲ ಸೀಟಿ ಆದ ಮೇಲೆ ಉರಿ ಪೂರ್ತಿ ಸಣ್ಣದು ಮಾಡಿ ಐವತ್ತರಿಂದ ಅರವತ್ತು ನಿಮಿಷ ಬಿಡಿ. ಇಲ್ಲಿ ಸೀಟಿ ಎಣಿಸಬೇಡಿ, ಗಡಿಯಾರ ನೋಡಿ. ಆಫ್ ಮಾಡಿದ ಮೇಲೆ ಒತ್ತಡ ತಾನಾಗಿ ಇಳಿಯಲಿ. ಸೀಟಿ ಎತ್ತಿ ಉಗಿ ಬಿಟ್ಟರೆ ಒಳಗೆ ಒಮ್ಮೆಲೇ ಕುದಿದು ತಿಳಿ ಕೆಡುತ್ತದೆ.

ಅಲ್ಯೂಮಿನಿಯಂ ಕುಕ್ಕರಿಗೆ ನಿಂಬೆಹಣ್ಣು, ಹುಣಸೆ, ವಿನೆಗರ್ ಹಾಕಬೇಡಿ, ಹುಳಿಗೆ ಲೋಹ ಕರಗುತ್ತದೆ. ಸ್ಟೀಲ್ ಇದ್ದರೆ ಚಿಂತೆಯಿಲ್ಲ.

ವಿನೆಗರ್ ಹಾಕಲೇಬೇಕು ಅಂತ ಎಲ್ಲರೂ ಹೇಳುತ್ತಾರಲ್ಲ?

ಹಾಕದಿದ್ದರೆ ಏನೂ ನಷ್ಟವಿಲ್ಲ. ಎಲುಬಿನ ಸುಣ್ಣವನ್ನು ಕರಗಿಸಲು ಒಂದು ಚಮಚ ಹುಳಿ ಸಾಲುವುದಿಲ್ಲ.

ಜವಾರಿ ಕೋಳಿ ಒಳ್ಳೆಯದೋ, ಫಾರಂ ಕೋಳಿಯೋ?

ರುಚಿಗೆ ಜವಾರಿ. ಅದರಲ್ಲಿ ಎರಡು ಮಾತಿಲ್ಲ. ಬ್ರಾಯ್ಲರ್ ಕೋಳಿಯನ್ನು ಆರು ವಾರದ ಆಸುಪಾಸಿನಲ್ಲೇ ಕೊಯ್ಯುತ್ತಾರೆ. ಎಲುಬು ಇನ್ನೂ ಮೆತ್ತಗಿರುತ್ತದೆ, ಕೊಲಾಜನ್ ಬೇಗ ಬಿಡುತ್ತದೆ, ಆದರೆ ರಸದಲ್ಲಿ ಗಾಢತೆ ಇರುವುದಿಲ್ಲ. ಹಿತ್ತಲಲ್ಲಿ ತಿಂಗಳುಗಟ್ಟಲೆ ಓಡಾಡಿ, ಜೋಳ ಹುಳ ಹೆಕ್ಕಿ ತಿಂದ ಕೋಳಿಯ ಎಲುಬು ಗಟ್ಟಿ, ನರ ಬಲಿತದ್ದು. ಅದಕ್ಕೆ ಎರಡು ತಾಸು ಹೆಚ್ಚು ಬೇಕು, ಬಣ್ಣ ಬಂಗಾರದ ಹಾಗೆ ಬರುತ್ತದೆ. ಅನುಕೂಲವಿದ್ದವರು ಅರ್ಧ ಜವಾರಿ, ಅರ್ಧ ಬ್ರಾಯ್ಲರ್ ಕೂಡಿಸಿ ಮಾಡಿ ನೋಡಿ: ಒಂದರಿಂದ ರುಚಿ, ಇನ್ನೊಂದರಿಂದ ಗಟ್ಟಿತನ.

ಬ್ರಾಯ್ಲರ್ ಎಲುಬು ಫ್ರೀಜರಿನಿಂದ ತೆಗೆದಾಗ ಕಪ್ಪುಗೆಂಪಾಗಿ ಕಾಣುತ್ತದೆ. ಎಳೆ ಎಲುಬಿನ ಮಜ್ಜೆಯ ಬಣ್ಣ ಹೊರಗೆ ಜಿನುಗಿದ್ದು ಅದು, ಕೆಟ್ಟದ್ದಲ್ಲ.

ಫ್ರಿಜ್ಜಿನಲ್ಲಿಟ್ಟರೂ ನನ್ನದು ಜೆಲ್ಲಿ ಹಾಗೆ ಗಟ್ಟಿಯಾಗಲಿಲ್ಲ. ತಪ್ಪಿತೇ?

ರುಚಿ ಸರಿಯಿದ್ದರೆ ತಪ್ಪಿಲ್ಲ, ಧೈರ್ಯವಾಗಿ ಬಳಸಿ. ಮುಂದಿನ ಸಲ ನೀರು ಕಡಿಮೆ ಮಾಡಿ, ಪಾದ ಅಥವಾ ರೆಕ್ಕೆ ಸೇರಿಸಿ. ಈಗಿರುವುದನ್ನೇ ಸೋಸಿದ ಮೇಲೆ ಮುಚ್ಚಳ ತೆಗೆದು ಅರ್ಧಕ್ಕೆ ಇಳಿಸಿದರೂ ಗಟ್ಟಿಯಾಗುತ್ತದೆ.

ಯಾವ ಮಸಾಲೆ, ಯಾವ ಕಾಯಿಪಲ್ಯೆ ಹಾಕಬೇಕು?

ಸಿಪ್ಪೆ ಸಮೇತ ಒಂದು ಉಳ್ಳಾಗಡ್ಡಿ (ಒಣ ಸಿಪ್ಪೆ ಚಂದದ ಕಂದು ಬಣ್ಣ ಕೊಡುತ್ತದೆ), ಒಂದು ಗಜ್ಜರಿ (ಕ್ಯಾರೆಟ್), ಹೆಬ್ಬೆರಳು ಗಾತ್ರದ ಹಸಿ ಅಲ್ಲ (ಶುಂಠಿ), ನಾಲ್ಕೈದು ಎಸಳು ಬಳ್ಳೊಳ್ಳಿ, ಹತ್ತು ಕಾಳು ಕರಿಮೆಣಸು, ಕೊತ್ತಂಬರಿಯ ದಂಟು. ಎಲೆ ಅಡುಗೆಗೆ ಇಟ್ಟುಕೊಳ್ಳಿ, ಬೇರು ತೊಳೆದು ಇಲ್ಲಿ ಹಾಕಿ. ಕಾಯಿಪಲ್ಯೆ ಎಲ್ಲ ಕೊನೆಯ ಒಂದು ತಾಸಿಗೆ ಹಾಕಿದರೆ ಸಾಕು, ಮೊದಲಿನಿಂದ ಕುದಿಸಿದರೆ ಸತ್ವ ಸತ್ತು ಸಪ್ಪೆಯಾಗುತ್ತವೆ. ಮೂಲಂಗಿ, ಕ್ಯಾಬೀಜು ಬೇಡ, ವಾಸನೆ ಹೊಡೆಯುತ್ತದೆ. ಮೆಂತ್ಯ ಕಹಿ.

ಬ್ಯಾಡಗಿ ಮೆಣಸಿನಕಾಯಿ? 2011ರಲ್ಲಿ ಭೌಗೋಳಿಕ ಸೂಚಕ ಪಡೆದ ನಮ್ಮ ಹಾವೇರಿ ಜಿಲ್ಲೆಯ ಆ ಕೆಂಪು ನನಗೂ ಬಲು ಇಷ್ಟ. ಆದರೆ ಅದರ ಜಾಗ ಒಗ್ಗರಣೆಯಲ್ಲಿ. ಮೂಲ ರಸ ಖಾರವಿಲ್ಲದೆ ಇದ್ದರೆ ಮಗುವಿಗೂ ಆಗುತ್ತದೆ, ಜ್ವರ ಬಂದವರಿಗೂ ಆಗುತ್ತದೆ, ಸಾರು, ಪಲಾವ್ ಯಾವುದಕ್ಕೂ ಬಗ್ಗುತ್ತದೆ. ಹಾವೇರಿಯ ಏಲಕ್ಕಿ ಮಾಲೆ ಮನೆಯಲ್ಲಿ ತೂಗಿದ್ದರೂ ಈ ಬೋಗಾಣಿಗೆ ಏಲಕ್ಕಿ ಬೇಡ.

ಬೋರ್‌ವೆಲ್ ನೀರು ಬಳಸಬಹುದೇ?

ಕುಡಿಯುವ ನೀರನ್ನೇ ಬಳಸಿ, ಇದರಲ್ಲಿ ರಾಜಿ ಬೇಡ. ಎರಡೂವರೆ ಲೀಟರ್ ನೀರು ಒಂದೂವರೆಗೆ ಇಂಗಿದಾಗ ಅದರಲ್ಲಿ ಕರಗಿದ್ದ ಉಪ್ಪು, ಸುಣ್ಣ ಎಲ್ಲ ಉಳಿದ ರಸದಲ್ಲೇ ಕೂಡುತ್ತವೆ. ಗದಗ ಜಿಲ್ಲೆಯ ಮುಂಡರಗಿ ಕಡೆಯ ಹಲವು ಊರುಗಳಲ್ಲಿ ಕೊಳವೆಬಾವಿ ನೀರಿಗೆ ಫ್ಲೋರೈಡ್ ತೊಂದರೆ ಇರುವುದು ಎಲ್ಲರಿಗೂ ಗೊತ್ತು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ಅಲ್ಲಿಯವರು ಶುದ್ಧ ನೀರಿನ ಘಟಕದ ಕ್ಯಾನಿನ ನೀರಲ್ಲೇ ಮಾಡಿ. ಹುಬ್ಬಳ್ಳಿ-ಧಾರವಾಡದವರಿಗೆ ಮಲಪ್ರಭೆಯ ನಳದ ನೀರು ಸಾಕು.

ರಾತ್ರಿ ಒಲೆ ಮೇಲೇ ಬಿಟ್ಟು ಮುಂಜಾನೆ ಒಂದು ಕುದಿ ಹಾಕಿದ್ರ ಆಗಂಗಿಲ್ಲೇನು?

ಆಗುವುದಿಲ್ಲ. ಈ ಪುಟದಲ್ಲಿ ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ. ಎಲುಬಿನ ರಸ ನಮಗೆ ಹೇಗೆ ಪುಷ್ಟಿಯೋ ಬ್ಯಾಕ್ಟೀರಿಯಾಗಳಿಗೂ ಹಾಗೇ ಪುಷ್ಟಿ. 60ರಿಂದ 5 ಡಿಗ್ರಿ ನಡುವಿನ ಉಷ್ಣತೆಯಲ್ಲಿ ಅವು ಬೆಳೆಯುತ್ತವೆ, ದೊಡ್ಡ ಬೋಗಾಣಿ ಮುಚ್ಚಳ ಹಾಕಿಕೊಂಡು ಇಡೀ ರಾತ್ರಿ ಅದೇ ಉಷ್ಣತೆಯಲ್ಲಿ ಕೂತಿರುತ್ತದೆ. ಕೆಲವು ಬ್ಯಾಕ್ಟೀರಿಯಾಗಳ ಬೀಜಕಣ ಕುದಿಸಿದರೂ ಸಾಯುವುದಿಲ್ಲ, ತಣಿಯುವಾಗ ಮೊಳೆಯುತ್ತವೆ. ಇನ್ನು ಕೆಲವು ಬಿಟ್ಟ ವಿಷ ಮುಂಜಾನೆಯ ಕುದಿಗೆ ನಾಶವಾಗುವುದಿಲ್ಲ. ವಾಸನೆ, ರುಚಿ ಎರಡೂ ಸರಿಯಿದ್ದೇ ವಾಂತಿ-ಭೇದಿ ಆಗಬಹುದು.

ಸೋಸಿದ ಕೂಡಲೇ ಹೀಗೆ ಮಾಡಿ. ರೊಟ್ಟಿ ಹಿಟ್ಟು ನಾದುವ ದೊಡ್ಡ ಪರಾತದಲ್ಲಿ ತಣ್ಣೀರು ತುಂಬಿ. ರಸವನ್ನು ಎರಡು-ಮೂರು ಸಣ್ಣ ಸ್ಟೀಲ್ ಪಾತ್ರೆಗಳಿಗೆ ಹಂಚಿ ಅದರಲ್ಲಿ ಕೂಡಿಸಿ, ಮುಚ್ಚಳ ಹಾಕದೆ ಆಗಾಗ ಸವಟು ಆಡಿಸಿ. ಪರಾತದ ನೀರು ಬೆಚ್ಚಗಾದ ಹಾಗೆ ಬದಲಿಸಿ. ಐಸ್ ಇದ್ದರೆ ಹಾಕಿ. ಕೈಗೆ ತಣ್ಣಗೆ ತಾಗಿದ ಕೂಡಲೇ ಮುಚ್ಚಿ ಫ್ರಿಜ್ಜಿಗಿಡಿ. ಎರಡು ತಾಸಿನೊಳಗೆ ಇದೆಲ್ಲ ಮುಗಿಯಬೇಕು. ಏಪ್ರಿಲ್‌ನಲ್ಲಿ ಹುಬ್ಬಳ್ಳಿ 37-38 ಡಿಗ್ರಿ ಕಾಯುವಾಗ ಅಡುಗೆಮನೆಯಲ್ಲಿ ಸುಮ್ಮನೆ ಬಿಟ್ಟದ್ದು ಎಂದಿಗೂ ತಣ್ಣಗಾಗುವುದಿಲ್ಲ. ಅದಕ್ಕೇ ರಾತ್ರಿ ಊಟದ ಹೊತ್ತಿಗೆ ಕುದಿಸಲು ಇಡಬೇಡಿ. ಮಧ್ಯಾಹ್ನ ಇಟ್ಟು ಸಂಜೆ ಸೋಸಿದರೆ ಎಚ್ಚರವಿರುವಾಗಲೇ ತಣಿಸಬಹುದು.

ಫ್ರಿಜ್ಜಿನಲ್ಲಿ ಮೂರು-ನಾಲ್ಕು ದಿನ, ಫ್ರೀಜರಿನಲ್ಲಿ ಮೂರು-ನಾಲ್ಕು ತಿಂಗಳು. ಬೇಕಾದಷ್ಟನ್ನೇ ತೆಗೆದು, ಚೆನ್ನಾಗಿ ಕುದಿ ಬರುವ ತನಕ ಕಾಯಿಸಿ. ಬಾಟಲಿಯಲ್ಲಿ ಹೆಪ್ಪುಗಟ್ಟಿಸುವುದಾದರೆ ಮೇಲೆ ಎರಡು ಬೆರಳು ಜಾಗ ಬಿಡಿ, ಗಾಜು ಒಡೆಯುತ್ತದೆ.

ಕರೆಂಟ್ ಹೋದರೆ?

ಬಾಗಿಲು ತೆಗೆಯಬೇಡಿ. ಮುಚ್ಚಿಯೇ ಇದ್ದರೆ ಫ್ರಿಜ್ಜು ನಾಲ್ಕು ತಾಸು ತಡೆಯುತ್ತದೆ, ತುಂಬಿದ ಫ್ರೀಜರ್ ಸುಮಾರು ಎರಡು ದಿನ, ಅರ್ಧ ತುಂಬಿದ್ದು ಒಂದು ದಿನ. ಇನ್ನೂ ಹರಳು ಹರಳು ಐಸ್ ಉಳಿದಿದ್ದರೆ ಮತ್ತೆ ಹೆಪ್ಪುಗಟ್ಟಿಸಬಹುದು.

ಮೊಣಕಾಲು ನೋವು, ಮುರಿದ ಎಲುಬಿಗೆ ಇದು ಔಷಧಿಯೇ?

ಅಲ್ಲ. ಕೈಕಾಲು ಮುರಿದವರಿಗೆ ಕಾಲು ಸೂಪ್ ಕುಡಿಸುವುದು ನಮ್ಮ ಕಡೆಯ ಪ್ರೀತಿಯ ರೂಢಿ, ಅದನ್ನು ನಾನು ಬಿಡಿಸಲು ಹೋಗುವುದಿಲ್ಲ. ಆದರೆ ಲೆಕ್ಕ ಗೊತ್ತಿರಲಿ. ಎಲುಬಿನ ಕ್ಯಾಲ್ಸಿಯಂ ನೀರಿಗೆ ಇಳಿಯುವುದು ತೀರಾ ಸ್ವಲ್ಪ, ಒಂದು ಲೋಟ ಹಾಲಿನ ಕಾಲು ಪಾಲೂ ಸಿಗುವುದಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಎಲುಬು ಕೂಡಬೇಕಾದವರಿಗೆ ಹಾಲು, ರಾಗಿ, ಮೊಟ್ಟೆ, ಬೇಳೆ ಬೇಕು, ಅದರ ಜೊತೆಗೆ ಈ ರಸ. ಕುಡಿದ ಕೊಲಾಜನ್ ನೇರವಾಗಿ ಮೊಣಕಾಲಿಗೆ ಹೋಗಿ ಕೂಡುವುದಿಲ್ಲ. ಹೊಟ್ಟೆಯಲ್ಲಿ ಬೇರೆ ಪ್ರೋಟೀನಿನ ಹಾಗೆಯೇ ಅದೂ ಅಮೈನೊ ಆಮ್ಲವಾಗಿ ಒಡೆಯುತ್ತದೆ. ಜೆಲಟಿನ್‌ನಲ್ಲಿ ಟ್ರಿಪ್ಟೊಫಾನ್ ಎಂಬ ಅಗತ್ಯ ಅಮೈನೊ ಆಮ್ಲ ಇಲ್ಲವಾದ್ದರಿಂದ ಅದು ಪೂರ್ಣ ಪ್ರೋಟೀನೂ ಅಲ್ಲ.

ನೆಗಡಿ, ಜ್ವರದಲ್ಲಿ ಮಾತ್ರ ಬಿಸಿ ರಸ ಹಿತ ಮಾಡುತ್ತದೆ. ನೀರು, ಉಪ್ಪು ಎರಡೂ ಸಿಗುತ್ತವೆ, ಕಟ್ಟಿದ ಮೂಗು ಸಡಿಲಾಗುತ್ತದೆ, ಬಾಯಿ ಕೆಟ್ಟವರೂ ಒಂದು ಲೋಟ ಕುಡಿಯುತ್ತಾರೆ. ಅಷ್ಟು ಸಾಕಲ್ಲವೇ?

ಯಾರು ಕುಡಿಯಬಾರದು?

ಮೂತ್ರಪಿಂಡದ ಕಾಯಿಲೆ ಇದ್ದವರು ವೈದ್ಯರನ್ನು ಕೇಳದೆ ಕುಡಿಯಬೇಡಿ. ಯೂರಿಕ್ ಆಸಿಡ್ ಹೆಚ್ಚಿರುವವರು, ಗೌಟ್ ಇರುವವರು ದೂರ ಇರುವುದು ಒಳ್ಳೆಯದು, ಮಾಂಸ-ಎಲುಬಿನ ಪ್ಯೂರಿನ್ (ಮೈಯಲ್ಲಿ ಯೂರಿಕ್ ಆಸಿಡ್ ಆಗುವ ಅಂಶ) ರಸಕ್ಕೆ ಇಳಿಯುತ್ತದೆ. ಬಿಪಿ ಇದ್ದವರು ಉಪ್ಪು ಕೈ ಹಿಡಿದು ಹಾಕಿ. ಆರು ತಿಂಗಳು ದಾಟಿದ ಕೂಸಿಗೆ ಅನ್ನದಲ್ಲಿ ಕಲಸಿ ಕೊಡಬಹುದು, ವರ್ಷ ತುಂಬುವ ತನಕ ಉಪ್ಪು ಬೇಡ, ಚೂರು ಎಲುಬು ಬಾರದ ಹಾಗೆ ಬಟ್ಟೆಯಲ್ಲಿ ಸೋಸಿರಬೇಕು.

ಬರೀ ಕುಡಿಯುವುದು ಬೇಜಾರು. ಬೇರೆ ಏನು ಮಾಡಬಹುದು?

ಜೋಳದ ನುಚ್ಚು! ಒಂದು ವಾಟಗ (ಬಟ್ಟಲು) ನುಚ್ಚನ್ನು ಅರ್ಧ ತಾಸು ನೆನೆಸಿ, ನಾಲ್ಕು ವಾಟಗ ರಸದಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿ. ಗಟ್ಟಿ ಅನಿಸಿದರೆ ಇನ್ನೊಂದು ವಾಟಗ ಬಿಸಿ ರಸ ಸುರಿಯಿರಿ. ತಳ ಹತ್ತದ ಹಾಗೆ ತಿರುವುತ್ತ ಇರಿ. ನುಚ್ಚು ಅರಳಿ, ಸವಟಿನಿಂದ ಬಿಟ್ಟರೆ ಮೆಲ್ಲಗೆ ಜಾರುವ ಹದಕ್ಕೆ ಬಂದಾಗ ಉಪ್ಪು, ಕುಟ್ಟಿದ ಕರಿಮೆಣಸು, ಜೀರಿಗೆ. ಮೇಲೆ ಬಳ್ಳೊಳ್ಳಿ ಮತ್ತು ಒಂದು ಬ್ಯಾಡಗಿ ಮೆಣಸಿನಕಾಯಿಯ ಒಗ್ಗರಣೆ, ಬದಿಗೆ ಹಸಿ ಉಳ್ಳಾಗಡ್ಡಿ. ಮಳೆಗಾಲದಲ್ಲಿ ಧಾರವಾಡದ ಜಿಟಿಜಿಟಿ ಹಿಡಿದಾಗ ಇದಕ್ಕಿಂತ ಒಳ್ಳೆಯ ರಾತ್ರಿ ಊಟ ನನಗೆ ಗೊತ್ತಿಲ್ಲ.

ಖಡಕ್ ರೊಟ್ಟಿ ಮುರಿದು ಬಿಸಿ ರಸದಲ್ಲಿ ನೆನೆಸಿ ತಿನ್ನಿ. ಹೆಸರುಬೇಳೆ, ನುಗ್ಗೆಕಾಯಿ ಸಾರಿಗೆ ನೀರಿನ ಬದಲು ಹಾಕಿ. ಪಲಾವಿಗೆ ಹಾಕಿದರೆ ಮಸಾಲೆ ಅರ್ಧ ಸಾಕು.

ಮೇಲೆ ಕಟ್ಟಿದ ಜಿಡ್ಡು ತೆಗೆಯಬೇಕೆ?

ತಣ್ಣಗಾದ ಮೇಲೆ ಚಮಚದಿಂದ ಬಿಲ್ಲೆಯಂತೆ ಎತ್ತಿ ಬರುತ್ತದೆ. ಎಸೆಯಬೇಡಿ, ಮುಂದಿನ ಭಾನುವಾರದ ಉಳ್ಳಾಗಡ್ಡಿ ಹುರಿಯಲು ಎಣ್ಣೆಯ ಬದಲು ಆಗುತ್ತದೆ. ಫ್ರಿಜ್ಜಿನಲ್ಲಿರುವ ತನಕ ರಸದ ಮೇಲೆ ಹಾಗೇ ಬಿಟ್ಟರೂ ನಡೆಯುತ್ತದೆ.

ಕುದಿಸಿ ಉಳಿದ ಎಲುಬನ್ನು ನಾಯಿಗೆ ಹಾಕಬಹುದೇ?

ದಯವಿಟ್ಟು ಬೇಡ, ಮನೆ ನಾಯಿಗೂ ಬೇಡ, ಓಣಿ ನಾಯಿಗೂ ಬೇಡ. ಬೆಂದ ಕೋಳಿ ಎಲುಬು ಚೂಪಾಗಿ ಸೀಳಿ ಗಂಟಲು, ಕರುಳಿಗೆ ಚುಚ್ಚುತ್ತದೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿಗೆ ವಿಷ, ಹಾಗಾಗಿ ಅವು ಬಿದ್ದ ರಸವನ್ನೂ ಹಾಕಬಾರದು. ನಾಯಿಗೆ ಕೊಡುವ ಆಸೆಯಿದ್ದರೆ ಕಾಯಿಪಲ್ಯೆ ಹಾಕುವ ಮೊದಲೇ ಒಂದು ಲೋಟ ರಸ ತೆಗೆದಿಡಿ, ಎಲುಬಿಗೆ ಅಂಟಿದ ಕಂಡದ ಚೂರನ್ನು ಬಿಡಿಸಿ ಅನ್ನದ ಜೊತೆ ಕಲಸಿ ಹಾಕಿ. ಎಲುಬನ್ನು ಬಯಲಿಗೆ ಒಗೆಯದೆ ಗಟ್ಟಿಯಾಗಿ ಮುಚ್ಚಿಟ್ಟು, ಮುಂಜಾನೆ ಪಾಲಿಕೆಯ ಕಸದ ಗಾಡಿ ಬಂದಾಗ ಹಸಿ ಕಸಕ್ಕೆ ಕೊಡಿ. ಹಿತ್ತಲಿದ್ದವರು ಎರಡು ಅಡಿ ಆಳಕ್ಕೆ ಹೂಳಬಹುದು, ಕಡಿಮೆ ತೋಡಿದರೆ ರಾತ್ರಿಯೇ ನಾಯಿ ಕೆದರುತ್ತವೆ.